ಸೋವಿಯತ್ ಲೆನ್ಸಿನ ಮೈದುನ

ಬೀದಿಯವರೆಲ್ಲ ಅವನನ್ನು ರಷ್ಯಾ ಎಂದು ಕರೆಯುತ್ತಿದ್ದರು. ಬಸ್ಸಿನ ಕೊನೆಯ ಸ್ಟಾಪಿನಿಂದಾಚೆಗೆ ಅವನು ಕಾಲಿಟ್ಟದ್ದನ್ನು ಕಂಡವರಿಲ್ಲ. ಅತ್ತಿಗೆ ಒಂದು ದಿನ ಮೈಯೆಲ್ಲ ಉರಿದು ಇಟ್ಟ ಹೆಸರದು. ಅವನು ಅದನ್ನು ಬಿರುದೆಂದು ತಿಳಿದು ಹಲ್ಲು ಕಿರಿದ. ಬೈಗುಳವನ್ನೇ ಹಾರದಂತೆ ಕೊರಳಿಗೆ ಹಾಕಿಕೊಳ್ಳುವವನನ್ನು ಏನು ಬೈದು ಏನು ಪ್ರಯೋಜನ? ಅಂದಿನಿಂದ ಅತ್ತಿಗೆಯ ಬಾಯಲ್ಲೂ ಅವನು ರಷ್ಯಾನೇ ಆದ.

ಎರಡು ಅಂಗಡಿಗಳ ನಡುವೆ ಸಿಕ್ಕಿಕೊಂಡ ಇಕ್ಕಟ್ಟಿನ ಮೆಟ್ಟಿಲು ಹತ್ತಿದರೆ ಅತ್ತಿಗೆಯ ಸ್ಟುಡಿಯೋ. ಒಳಗೆ ನೀಲಿ ಪರದೆ, ತಿರುಗುವ ಸ್ಟೂಲು, ಗೋಡೆಗೊಂದು ಕನ್ನಡಿ, ಕನ್ನಡಿಯ ಕೆಳಗೆ ಹಲ್ಲುದುರಿದ ಬಾಚಣಿಗೆ. ಮದುವೆಯಾಗಿ ಬಂದ ಹೊಸದರಲ್ಲಿ ಯಜಮಾನರು ಅವಳಿಗೆ ಕೆಲಸ ಕಲಿಸಿದ್ದರು. ಕುಳ್ಳರನ್ನು ಎಲ್ಲಿ ನಿಲ್ಲಿಸಬೇಕು, ಕನ್ನಡಕದ ಹೊಳಪು ಹೇಗೆ ತಪ್ಪಿಸಬೇಕು, ಮುಖ ಗಂಟಿಕ್ಕಿದವರನ್ನು ಏನು ಹೇಳಿ ಸಡಿಲಿಸಬೇಕು, ಎಲ್ಲ ಅವರದೇ ಪಾಠ. ಆಮೇಲೆ ಅವರ ಕಣ್ಣಿನ ನರ ಒಣಗುತ್ತ ಬಂತು. ವಾಸಿಯಾಗುವಂಥದ್ದಲ್ಲ, ಇರುವಷ್ಟನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು. ಸ್ಟುಡಿಯೋ ಅತ್ತಿಗೆಯ ಹೆಗಲಿಗೆ ಬಂತು. ಅದರ ಜತೆಗೆ, ಬೇಡವೆಂದರೂ ಬಿಡದ ಸಾಮಾನಿನಂತೆ, ಯಜಮಾನರ ತಮ್ಮನೂ ಬಂದ.

ಅವನಿಗೆ ಸೋವಿಯತ್ ಲೆನ್ಸುಗಳ ಹುಚ್ಚು. ರೇಂಜ್‌ಫೈಂಡರ್ ಎಂಬ ಹಳೆಯ ಪುಟ್ಟ ಕ್ಯಾಮೆರಾಗಳಿದ್ದವಲ್ಲ, ಲೆನ್ಸಿನೊಳಗಿಂದಲ್ಲದೆ ಮೂಲೆಯ ಕಿಟಕಿಯಿಂದ ಇಣುಕಿ ನೋಡುವಂಥವು, ಅವುಗಳಿಗೆಂದು ಮಾಡಿದ ಲೆನ್ಸುಗಳು. ಆ ದೇಶವೇ ಭೂಪಟದಿಂದ ಅಳಿಸಿಹೋಗಿ ಎಷ್ಟೋ ಕಾಲವಾಗಿತ್ತು. ಅದರ ಲೆನ್ಸುಗಳು ಮಾತ್ರ ಪಾರ್ಸೆಲಿನಲ್ಲಿ ಇವನ ಮನೆಗೆ ಬರುತ್ತಲೇ ಇದ್ದವು. ನಡುವೆ ಅಡಾಪ್ಟರ್ ಎಂಬ ಉಂಗುರ ಹಾಕಿ ಅವುಗಳನ್ನು ಸ್ಟುಡಿಯೋದ ಹೊಸ ಡಿಜಿಟಲ್ ಕ್ಯಾಮೆರಾಗೆ ತಿರುಚುತ್ತಿದ್ದ. ಒಳಗಿನ ಗ್ರೀಸು ಗಟ್ಟಿಯಾಗಿ ಫೋಕಸ್ಸಿನ ಬಳೆ ಅಲುಗುತ್ತಲೇ ಇರಲಿಲ್ಲ. ಜೋರಾಗಿ ತಿರುಗಿಸಿದರೆ ಫೋಕಸ್ಸು ಬದಲಾಗುವ ಬದಲು ಇಡೀ ಲೆನ್ಸೇ ಬಿಚ್ಚಿಕೊಂಡು ಕೈಗೆ ಬರುತ್ತಿತ್ತು. ಅದಕ್ಕೂ ಅವನ ಮುಖದಲ್ಲಿ ಹೆಮ್ಮೆ, ತುಂಟ ಮಗುವನ್ನು ಹೆತ್ತವನ ಹಾಗೆ.

“ಈಗಿನ ಲೆನ್ಸುಗಳಿಗೆ ಆತ್ಮ ಇಲ್ಲ ಅತ್ತಿಗೆ.”

“ಗಿರಾಕಿಗೆ ಮೂಗು ಬೇಕಪ್ಪ, ಆತ್ಮ ಅಲ್ಲ.”

ಭಾನುವಾರ ಅವನಂಥವರೇ ಇನ್ನೂ ಮೂವರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಒಬ್ಬ ತೆರಿಗೆ ಸಲಹೆಗಾರ, ಒಬ್ಬ ಔಷಧಿ ಅಂಗಡಿಯವ, ಒಬ್ಬ ನಿವೃತ್ತ ಡ್ರಿಲ್ ಮಾಸ್ತರ. ಕಿಟಕಿಯ ಕಂಬಿ, ಮಲಗಿದ ಬೆಕ್ಕು, ಅರ್ಧ ಕುಡಿದಿಟ್ಟ ಲೋಟ, ಇಷ್ಟೇ ಅವರ ಪ್ರಪಂಚ. ಮನುಷ್ಯರ ಫೋಟೋ ತೆಗೆಯಲು ಮನುಷ್ಯರ ಜತೆ ಮಾತಾಡಬೇಕಾಗುತ್ತದೆ. ಬೆಕ್ಕಿನ ಜತೆ ಆ ತೊಂದರೆಯಿಲ್ಲ. ಲೋಟದ ಅಂಚು ಒಂದೇ ಸ್ಪಷ್ಟ, ಮಿಕ್ಕಿದ್ದೆಲ್ಲ ಕಲಸಿದ ಹಿಟ್ಟು. “ಆಹಾ, ಹಿಂದಿನ ಮಂಜು ನೋಡು, ಸುಳಿ ಸುಳಿಯಾಗಿ ಬಂದಿದೆ” ಎಂದು ನಾಲ್ವರೂ ತಲೆ ಸೇರಿಸಿ ನಿಟ್ಟುಸಿರು ಬಿಡುತ್ತಿದ್ದರು. ಸ್ಟುಡಿಯೋಗೆ ಅಂಟಿಕೊಂಡಿದ್ದ ಮನೆಯಲ್ಲಿ ಯಜಮಾನರು ಗೋಡೆ ತಡವುತ್ತ ಚಪ್ಪಲಿ ಹುಡುಕುತ್ತಿದ್ದರು. ಮನೆಯಲ್ಲೊಬ್ಬರ ಕಣ್ಣಿಗೆ ದಿನದಿನಕ್ಕೆ ಮಂಜು ಕವಿಯುತ್ತಿರುವಾಗ ಈ ಗಂಡಸರು ಮಂಜಿಗೆ ಮಾರ್ಕು ಹಾಕುತ್ತ ಕೂತಿದ್ದಾರೆ! ಅತ್ತಿಗೆ ಅವರಿಗೆ ಟೀ ಕೊಡುವುದನ್ನೇ ನಿಲ್ಲಿಸಿದಳು. ಅವರು ಫ್ಲಾಸ್ಕು ತಂದರು. ಮಾನವಿದ್ದವರಾದರೆ ಬರುವುದನ್ನು ನಿಲ್ಲಿಸುತ್ತಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಅತ್ತಿಗೆ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಅದೇ ವಾರ ಆಸ್ಪತ್ರೆಯ ಹೆಡ್ ನರ್ಸಮ್ಮನ ಬೀಳ್ಕೊಡುಗೆ. ಅರ್ಧ ಊರಿಗೆ ಹೆರಿಗೆ ಮಾಡಿಸಿದ ಹೆಂಗಸು ಆಕೆ. ಅತ್ತಿಗೆಯ ಮಗಳನ್ನೂ ಮೊದಲು ಎತ್ತಿಕೊಂಡದ್ದು ಆಕೆಯೇ. ನರ್ಸುಗಳೆಲ್ಲರ ಜತೆ ಒಂದು ಗ್ರೂಪ್ ಫೋಟೋ ಬೇಕೆಂದು ಆಕೆ ತಾನೇ ಬಂದು ಕೇಳಿಹೋಗಿದ್ದಳು.

ಬೇರೆ ದಾರಿ ಇರಲಿಲ್ಲ. “ಕ್ಯಾಮೆರಾದಲ್ಲಿರೋ ಲೆನ್ಸು ಮುಟ್ಟಬೇಡ. ಎರಡು ಸಾಲು ನಿಲ್ಲಿಸು, ಒತ್ತು, ಬಾ” ಎಂದಳು.

“ನನಗೆ ಗೊತ್ತಿಲ್ವಾ ಅತ್ತಿಗೆ?” ಎಂದು ರಷ್ಯಾ ಹೊರಟ. ಅವನ ಪ್ಯಾಂಟಿನ ಜೇಬು ಉಬ್ಬಿತ್ತು. ಪಟ್ಟಿ ಕಟ್ಟಿದ್ದ ಕೈಯ ನೋವಿನಲ್ಲಿ ಅತ್ತಿಗೆ ಅದನ್ನು ಗಮನಿಸಲಿಲ್ಲ.

ಸಂಜೆ ಅವನು ಕುಣಿಯುತ್ತ ಬಂದು ಕಂಪ್ಯೂಟರಿನಲ್ಲಿ ಫೋಟೋ ತೆರೆದ. ಮುಂದಿನ ಮೇಜಿನ ಮೇಲಿದ್ದ ಹೂಗುಚ್ಛದ ಒಂದೊಂದು ಎಸಳೂ ಕಣ್ಣು ಚುಚ್ಚುವಷ್ಟು ಸ್ಪಷ್ಟ. ಅದರ ಹಿಂದೆ ಬಿಳಿ ಬಟ್ಟೆಯ ಬಿಳಿ ಬಿಳಿ ಮುದ್ದೆಗಳು. ಮೇಲಿನ ಕಿಟಕಿಯ ಬೆಳಕು ಲೆನ್ಸಿನೊಳಗೆ ಚೆಲ್ಲಿ ಹೆಡ್ ನರ್ಸಮ್ಮನ ತಲೆಯನ್ನೇ ನುಂಗಿಬಿಟ್ಟಿತ್ತು. ಹದಿನೈದು ಸಲ ಒತ್ತಿದ್ದ ಭೂಪ, ಹದಿನೈದೂ ಹಾಗೆಯೇ.

“ದೇವತೆಗಳ ಹಾಗೆ ಬಂದಿದಾರೆ ಅಲ್ವಾ?” ಎಂದ.

ಅಷ್ಟರಲ್ಲಿ ಯಜಮಾನರು ತಡವರಿಸುತ್ತ ಬಂದು, “ಎಲ್ಲಿ, ನಾನೂ ನೋಡ್ತೀನಿ” ಎಂದರು. ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಆ ಕಡೆ ಈ ಕಡೆ ಕತ್ತು ತಿರುಗಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ನೆಟ್ಟಗಾಗಿ, “ನನಗೆ ದಿನಾ ಕಾಣೋದು ಹೀಗೇ ಕಣೋ. ಇದಕ್ಕೋಸ್ಕರ ಅಷ್ಟು ದೂರದಿಂದ ಲೆನ್ಸು ಯಾಕೆ ತರಿಸಿದೆ? ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ?” ಎಂದರು.

ಸಿಟ್ಟಿಲ್ಲ, ವ್ಯಂಗ್ಯವೂ ಇಲ್ಲ, ನಿಜವಾಗಿಯೇ ಕೇಳಿದ್ದರು. ಆತ್ಮದ ಬಗ್ಗೆ ಅಷ್ಟು ಮಾತಾಡುತ್ತಿದ್ದ ರಷ್ಯಾ ಜೇಬಿನಿಂದ ಲೆನ್ಸು ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

ಮಾರನೆಯ ದಿನ ಅತ್ತಿಗೆ ಕೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು, ಅವನನ್ನು ಮುಂದಿಟ್ಟುಕೊಂಡು ಹೆಡ್ ನರ್ಸಮ್ಮನ ಮನೆಗೆ ಹೋದಳು. ಆಕೆ ಫೋಟೋ ನೋಡಿ, “ಇದರಲ್ಲಿ ನಾನೆಲ್ಲಿ?” ಎಂದಳು.

“ಈ ಬೆಳಕಿದೆಯಲ್ಲ, ಅದರೊಳಗೆ” ಎಂದ ರಷ್ಯಾ ಸಣ್ಣ ದನಿಯಲ್ಲಿ.

“ಬದುಕಿರೋವಾಗ್ಲೇ ಬೆಳಕಲ್ಲಿ ಸೇರಿಸಿಬಿಟ್ಟೆಯಲ್ಲಪ್ಪ!” ಎಂದು ಆಕೆ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. “ಅವರೆಲ್ಲ ಡ್ಯೂಟಿ ಬದಲಾಯಿಸ್ಕೊಂಡು ಬಂದಿದ್ರು. ಮತ್ತೆ ಹೇಗೆ ಸೇರಿಸಲಿ ನಾನು?”

ಎಲ್ಲರನ್ನೂ ಮತ್ತೆ ಸೇರಿಸಲಾಗಲಿಲ್ಲ. ಪಾಳಿ ಮುಗಿಯುವ, ಪಾಳಿ ಶುರುವಾಗುವ ಹೊತ್ತಿಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಸಿಕ್ಕಷ್ಟು ಜನರನ್ನು ನಿಲ್ಲಿಸಿದರು. ಆಗಲೇ ಅತ್ತಿಗೆಗೆ ಗೊತ್ತಾದದ್ದು, ಇವನಿಗೆ ಹತ್ತು ಜನರನ್ನು ಸಾಲಾಗಿ ನಿಲ್ಲಿಸಲೂ ಬಾರದೆಂದು. “ಸ್ವಲ್ಪ ಆ ಕಡೆ” ಎನ್ನಲು ಕೂಡ ಅವನಿಗೆ ನಾಚಿಕೆ. ಇಷ್ಟು ವರ್ಷ ಬೆಕ್ಕಿನ ಹಿಂದೆ ಅಡಗಿ ಕೂತಿದ್ದ ಹೇಡಿ! ಅತ್ತಿಗೆಯೇ ಎಡಗೈಯಿಂದ ಭುಜ ಹಿಡಿದು ಒಬ್ಬೊಬ್ಬರನ್ನೂ ಸರಿಸಿದಳು, ಕುಳ್ಳಿಯನ್ನು ಮುಂದೆ ತಂದಳು, ಜೋಕು ಹೇಳಿ ನಗಿಸಿದಳು. “ಈಗ ಒತ್ತು” ಎಂದಳು. ಅವನು ಒತ್ತಿದ. ಫೋಟೋದಲ್ಲಿ ಏನೂ ವಿಶೇಷವಿರಲಿಲ್ಲ. ಎಲ್ಲರ ಮುಖವೂ ಇತ್ತು. ಹೆಡ್ ನರ್ಸಮ್ಮ ಬಾರದವರನ್ನು ಬೆರಳು ಮಡಿಸಿ ಎಣಿಸಿ, ಫೋಟೋವನ್ನು ಚೀಲಕ್ಕೆ ಹಾಕಿಕೊಂಡಳು.

ಬುದ್ಧಿ ಬಂತೇ? ಎಲ್ಲಿಯ ಬುದ್ಧಿ! ಆ ಹೂಗುಚ್ಛದ ಫೋಟೋವನ್ನೇ ಅವನು ತನ್ನಂಥವರ ಇಂಟರ್‌ನೆಟ್ ಗುಂಪಿನಲ್ಲಿ ಹಾಕಿದ. ದೇಶದೇಶಗಳ ಪೆದ್ದರು ಅದನ್ನು ಹೊಗಳಿದರು. ಅತ್ತಿಗೆ ಲೆನ್ಸುಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಗೆ ತುಂಬಿ ಅವನ ಕೈಗಿಟ್ಟು, “ಇನ್ನು ಇವೆಲ್ಲ ಮೆಟ್ಟಿಲ ಕೆಳಗೇ ಇರಲಿ, ಮೇಲೆ ತರಬೇಡ” ಎಂದಳು. ಅವನು ಜಗಳವಾಡಲಿಲ್ಲ. ಜಗಳವಾಡಿದ್ದರೆ ಅತ್ತಿಗೆಗೆ ಅವನ ಮೇಲೆ ಕೂದಲೆಳೆಯಷ್ಟು ಗೌರವವಾದರೂ ಹುಟ್ಟುತ್ತಿತ್ತೇನೋ.

ಆಮೇಲೆ ಅವನಿಗೆ ಗುರುತಿನ ಚೀಟಿಯ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಕ್ಯಾಮೆರಾ ಗೋಡೆಗೆ ಬಿಗಿದಿತ್ತು. ಲೆನ್ಸು ಬಿಚ್ಚುವಂತಿಲ್ಲ, ಫೋಕಸ್ಸು ಮಾಡುವಂತಿಲ್ಲ, ಯಾರನ್ನೂ ಮಾತಾಡಿಸುವಂತಿಲ್ಲ. ಕೇಳಿದವರೆಲ್ಲ ಪಾಪ ಎಂದರು. ಅವನು ಮಾತ್ರ ಮೈ ತುಂಬಿಕೊಂಡು, ಮುಖಕ್ಕೆ ಕಳೆ ಬಂದು, ಸುಖವಾಗಿದ್ದ.

ಚೀಟಿ ನವೀಕರಿಸಲು ಹೋದಾಗ ಅತ್ತಿಗೆ ಅವನ ಮುಂದೆಯೇ ಕೂರಬೇಕಾಯಿತು. ಅಚ್ಚಾಗಿ ಬಂದ ಚೀಟಿಯಲ್ಲಿ ಅವಳ ಹುಬ್ಬಿನ ಒಂದೊಂದು ಕೂದಲೂ ಸ್ಪಷ್ಟವಾಗಿತ್ತು. ಕಣ್ಣೆರಡೂ ಮುಚ್ಚಿದ್ದವು.

“ಕಣ್ಣು ಬಿಡಿ ಅಂತ ಒಂದು ಮಾತು ಹೇಳೋಕೆ ಏನಾಗಿತ್ತೋ?”

“ಮಷಿನ್ ತಾನೇ ತೆಗೆಯೋದು ಅತ್ತಿಗೆ, ನನ್ನ ಕೈಲೇನಿದೆ?” ಎಂದು ರಷ್ಯಾ ಬಾಗಿಲ ಕಡೆ ನೋಡಿ, “ಮುಂದಿನವರು” ಎಂದ.