ಬಲಗೈಯ ಭಾರ

ಜೆಪ್ಪುವಿನ ಬಾಲವಾಡಿಯ ಕುಶಲಾ ಟೀಚರು ಒಳ್ಳೆಯ ಮನೆತನದವರು. ಒಳ್ಳೆಯ ಮನೆತನವೆಂದರೆ, ಭೂಮಸೂದೆ ಬರುವ ಮೊದಲು ಮೂವತ್ತು ಮುಡಿ ಗದ್ದೆ ಇದ್ದು, ಆಮೇಲೆ ಮರ್ಯಾದೆ ಮಾತ್ರ ಉಳಿದ ಮನೆತನ. ಮರ್ಯಾದೆಯನ್ನು ಬೇಯಿಸಿ ಉಣ್ಣಲಿಕ್ಕಾಗುವುದಿಲ್ಲವಲ್ಲ, ಹಾಗಾಗಿ ಪೇಟೆಗೆ ಬಂದು ಕೆಲಸಕ್ಕೆ ಸೇರಿದ್ದರು. ಐದು ವರ್ಷ ಕಳೆದು ಎಂಬತ್ತನೇ ಇಸವಿ ಬಂದರೂ ಕೆಲಸ ಟೆಂಪರರಿ. ಯಾವ ತಿಂಗಳು ಮನೆಗೆ ಹೋಗು ಎನ್ನುತ್ತಾರೋ ಎಂಬ ಹೆದರಿಕೆ ತಪ್ಪಿರಲಿಲ್ಲ.

ಮಕ್ಕಳಿಗೆ ಅವರು ಎಲ್ಲಕ್ಕಿಂತ ಮೊದಲು ಕಲಿಸುತ್ತಿದ್ದುದು ಬಲಗೈ. ಉಪ್ಪಿಟ್ಟಿಗೆ ಯಾವುದಾದರೂ ಮಗು ಎಡಗೈ ಚಾಚಿತೋ, ಮುಗಿಯಿತು.

"ಬಲಗೈ ಎಲ್ಲುಂಟು ಮಾರಾಯ? ಮನೆಯಲ್ಲಿ ಇಟ್ಟು ಬಂದದ್ದಾ?"

ಹೀಗಿರುವಾಗ ಮೇಲ್ವಿಚಾರಕಿ ಹೆಲನ್ ಬಾಯಿ ಬರುತ್ತಾರೆಂದು ಕಾಗದ ಬಂತು. ಅವರು ನೋಡಬೇಕಾದ ಪಾಠ 'ಭಾರ-ಹಗುರ'. ಅವರು ಒಳ್ಳೆಯ ವರದಿ ಬರೆದರೆ ಕುಶಲಾ ಖಾಯಂ, ಇಲ್ಲದಿದ್ದರೆ ಊರಿನ ಬಸ್ಸು.

ಸರ್ಕಾರ ಕೊಡುತ್ತೇನೆಂದ ಆಟದ ತಕ್ಕಡಿ ಬಂದಿರಲೇ ಇಲ್ಲ. ಕುಶಲಾ ಎದೆಗುಂದಲಿಲ್ಲ. ಒಂದು ತೆಂಗಿನಕಾಯಿ, ಅದಕ್ಕಿಂತ ದೊಡ್ಡದೊಂದು ಹತ್ತಿಯ ಗಂಟು ತಂದರು. ದೊಡ್ಡದೆಲ್ಲ ಭಾರವಲ್ಲ ಎಂದು ಮಕ್ಕಳಿಗೆ ಗೊತ್ತಾಗಬೇಡವೇ! ಎರಡು ಕೈಗೆ ಎರಡನ್ನು ಕೊಟ್ಟು ಯಾವುದು ಭಾರವೆಂದು ಕೇಳಬೇಕು. ಆದರೆ ದೇವರಿಗೆ ಒಡೆಯುವ ಕಾಯಿ ಎಡಗೈಗೆ ಹೋಗುವುದುಂಟೇ? ಶಿವ ಶಿವಾ! ಕಾಯಿ ಬಲಗೈಗೆ, ಮಾನ ಮರ್ಯಾದೆ ಇಲ್ಲದ ಹತ್ತಿ ಎಡಗೈಗೆ. ಇಪ್ಪತ್ತು ದಿನ ಹೀಗೆಯೇ ಅಭ್ಯಾಸ ನಡೆಯಿತು. ಮಕ್ಕಳು ಬಲಗೈ ಎತ್ತಿ "ಇದು ಭಾರ!" ಎಂದು ಕೂಗುವ ರಭಸಕ್ಕೆ ಹಂಚಿನ ಮೇಲಿನ ಕಾಗೆ ಹಾರಿಹೋಗುತ್ತಿತ್ತು. ಖಾಯಂ ಆದ ಹಾಗೆಯೇ ಎಂದು ಕುಶಲಾ ಹೊಸ ಸೀರೆ ಕೂಡ ನೋಡಿಟ್ಟರು.

ಹೆಲನ್ ಬಾಯಿ ಬಂದರು. ಹಂಚಿನ ಕಾರ್ಖಾನೆಯ ಕೆಲಸದವರ ಮಗ, ನಾಲ್ಕು ವರ್ಷದ ಮುದ್ದುವನ್ನು ಹತ್ತಿರ ಕರೆದು, ಯಾವ ಯೋಚನೆಯೂ ಇಲ್ಲದೆ ಅವನ ಎಡಗೈಗೆ ಕಾಯಿ, ಬಲಗೈಗೆ ಹತ್ತಿ ಇಟ್ಟರು. ಕಾಯಿಯ ಭಾರಕ್ಕೆ ಮುದ್ದುವಿನ ಎಡಗೈ ಮೊಣಕಾಲಿನ ತನಕ ಇಳಿಯಿತು, ಮೈಯೇ ಆ ಕಡೆಗೆ ವಾಲಿತು. ಪುಣ್ಯಾತ್ಮ ಹತ್ತಿಯನ್ನು ಆಕಾಶಕ್ಕೆತ್ತಿ ಘೋಷಿಸಿದ.

"ಇದು ಭಾರ!"

"ಹಾಗಾದರೆ ಆ ಕೈಯದ್ದು?"

"ಹಗುರ," ಎಂದ ಮುದ್ದು, ಏದುಸಿರು ಬಿಡುತ್ತಾ. ಅಷ್ಟರಲ್ಲಿ ಕಾಯಿ ಜಾರಿ ಹೆಲನ್ ಬಾಯಿಯ ಕಾಲಿನ ಹೆಬ್ಬೆರಳ ಮೇಲೆ ಬಿತ್ತು.

ಹೆಲನ್ ಬಾಯಿ ಕುಂಟುತ್ತಲೇ ಕಿನ್ನಿ ಎಂಬವಳ ಕೈಗೂ ಹಾಗೆಯೇ ಕೊಟ್ಟು ಕೇಳಿದರು. ಆ ಹುಡುಗಿಯದೂ ಅದೇ ಉತ್ತರ. ಹದಿನೆಂಟು ಮಕ್ಕಳಲ್ಲಿ ಒಬ್ಬರೂ ತಪ್ಪಿ ಕೂಡ ಸರಿ ಹೇಳಲಿಲ್ಲ.

ಕುಶಲಾಗೆ ಮೊದಲು ಮಕ್ಕಳ ಕಿವಿ ಹಿಂಡುವಷ್ಟು ಸಿಟ್ಟು ಬಂತು. ಮರುಕ್ಷಣ ವಿಷಯ ಹೊಳೆದು ನಾಚಿಕೆಯಾಯಿತು. ಪಾಪ, ಮಕ್ಕಳು ಕಲಿಸಿದ್ದನ್ನೇ ಹೇಳಿದ್ದವು. ಸುಮ್ಮನಿದ್ದರೆ ದಡ್ಡ ಮಕ್ಕಳು ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಕುಶಲಾರ ನಾಲಿಗೆ ಸುಮ್ಮನಿರಲಿಲ್ಲ.

"ಮಕ್ಕಳದ್ದು ತಪ್ಪಿಲ್ಲ ಬಾಯಿ, ನನ್ನದು. ಕಾಯಿ ಎಡಗೈಗೆ ಕೊಡಬಾರದು ಅಂತ ಯಾವಾಗಲೂ ಬಲಗೈಗೇ ಕೊಟ್ಟದ್ದು ನಾನು. ಬಲಗೈ ಅಂದರೆ ಭಾರ ಅಂತ ಕಲಿತುಬಿಟ್ಟಿದ್ದಾರೆ. ಎಡಗೈ ದರಿದ್ರ ಅಂತ ಹೇಳಿಕೊಟ್ಟದ್ದೂ ನಾನೇ."

ಹೆಲನ್ ಬಾಯಿ ಕುರ್ಚಿಯಲ್ಲಿ ಕುಳಿತು, ಪೆನ್ನು ತೆಗೆದು, ಎಡಗೈಯಲ್ಲಿ ಬರೆಯತೊಡಗಿದರು.

"ಟೀಚರ್, ದರಿದ್ರ ಕೈ!" ಎಂದು ಕಿನ್ನಿ ಕಿರುಚಿದಳು. ಭೂಮಿ ಬಾಯಿ ಬಿಟ್ಟರೆ ಸಾಕಿತ್ತು ಎನಿಸಿತು ಕುಶಲಾಗೆ. ಕೆಲಸ ಹೋಯಿತು, ಅನುಮಾನವೇ ಇಲ್ಲ. ಮನಸ್ಸಿನಲ್ಲೇ ಟ್ರಂಕು ಕಟ್ಟಿದರು.

"ನಮ್ಮ ಟೀಚರೂ ಹಾಗೇ ಹೇಳ್ತಿದ್ರು, ಬೆರಳಿಗೆ ಹೊಡೆದು," ಎಂದಷ್ಟೇ ಹೇಳಿ, ಹೆಲನ್ ಬಾಯಿ ವರದಿಯನ್ನು ಓದಲು ಕೊಟ್ಟರು.

'ಮಕ್ಕಳಿಗೆ ಭಾರ-ಹಗುರ ಬರುವುದಿಲ್ಲ. ಮುಂದಿನ ತಿಂಗಳು ಬಂದೀತು. ತನ್ನ ತಪ್ಪನ್ನು ಮಕ್ಕಳ ತಲೆಗೆ ಕಟ್ಟದ ಟೀಚರು ಇಲ್ಲಿದ್ದಾರೆ. ಖಾಯಂ ಮಾಡಬೇಕು.'

ಓದಿದ ಕುಶಲಾಗೆ ಅಳು ತಡೆಯಲಾಗಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿ ಬಿಕ್ಕಿ ಅತ್ತರು.

ಮುದ್ದು ಎದ್ದು ಬಂದು, ಸೊಂಟಕ್ಕೆ ಕೈ ಕೊಟ್ಟು, ಮೇಲ್ವಿಚಾರಕಿಯ ಎದುರು ನಿಂತ.

"ನಮ್ಮ ಟೀಚರಿಗೆ ಎಂತಕ್ಕೆ ಬೈದದ್ದು ನೀವು?"