ಆಲೂಗಡ್ಡೆ ಗೋದಾಮಿನ ಪಿಟೀಲು ಮೇಷ್ಟ್ರು

ಮೇಷ್ಟ್ರ ಬಲಗಾಲಿನ ಉಣ್ಣೆ ಕಾಲುಚೀಲದಲ್ಲಿ ಯಾವಾಗ್ಲೂ ಒಂದು ತೂತು. ಚಕ್ಕಳಮಕ್ಕಳ ಹಾಕಿ ಕೂತು ಪಿಟೀಲಿನ ತಲೇನ ಆ ಕಾಲಿನ ಗಿಣ್ಣಿನ ಮೇಲೇ ಊರ್ತಿದ್ರಲ್ಲ, ನಾನು ಎಷ್ಟು ಹೊಲಿದುಕೊಟ್ರೂ ಅಲ್ಲೇ ಸವೀತಿತ್ತು. "ಬಿಡಿ ಅಕ್ಕಾ, ಅದು ಪಿಟೀಲಿನ ಕಿಟಕಿ" ಅನ್ನೋರು.

ಮೊದಲು ದೊಡ್ಡ ದೊಡ್ಡ ಸಭೆಗಳಲ್ಲಿ ನುಡಿಸ್ತಿದ್ದೋರು. ಎಷ್ಟು ಹೊತ್ತು ನುಡಿಸ್ಬೇಕು, ಯಾರು ಮುಂದೆ ಕೂರ್ಬೇಕು ಅಂತೆಲ್ಲ ಬೇರೆಯವರು ಹೇಳೋದು ಬೇಜಾರಾಗಿ, ಅದನ್ನೆಲ್ಲ ಬಿಟ್ಟು ಬೆಟ್ಟದ ಮೇಲಿನ ನಮ್ಮೂರು ನಂಜನಾಡಿಗೆ ಬಂದ್ರು. ನಮ್ಮ ಆಲೂಗಡ್ಡೆ ಗೋದಾಮು ಕೇಳಿದ್ರು. ಭಾನುವಾರ ಮಧ್ಯಾಹ್ನ ಅಲ್ಲೇ ಕಛೇರಿ. ಮೈಕಿಲ್ಲ, ಟಿಕೆಟ್ಟಿಲ್ಲ. ಗೋಣಿಚೀಲದ ಮೇಲೆ ನಾವು, ತಂಬೂರಿ ಹಿಡ್ಕೊಂಡು ಅವರ ಹೆಂಡತಿ. ಬಾಗಿಲಿಂದ ಮಂಜು ಒಳಗೆ ಬಂದು ನಮ್ಮ ಜೊತೇಲೇ ಕೂರೋದು. ಮೇಷ್ಟ್ರು ಕಾಣ್ತಾನೇ ಇರ್ಲಿಲ್ಲ, ಬೆಳ್ಳಗಿನ ಒಳಗಿಂದ ಪಿಟೀಲು ಮಾತ್ರ. ನಿದ್ದೆನೋ ಎಚ್ಚರನೋ ನನಗೇ ಗೊತ್ತಾಗ್ತಿರ್ಲಿಲ್ಲ.

ಒಂದು ಸಲ ಅವರ ಗುರುಗಳು ಕೊಯಮತ್ತೂರಿಂದ ಬರ್ತಾರೆ ಅಂತಾಯ್ತು. ಸಭೆ ಬಿಟ್ಟ ದಿನದಿಂದ ಶಿಷ್ಯನ ಹತ್ರ ಮಾತೇ ಆಡಿರ್ಲಿಲ್ಲವಂತೆ. "ಅವರು ಒಂದ್ಸಲ ಕೇಳಿ, ನನ್ನ ತಲೆ ಮೇಲೆ ಕೈ ಇಟ್ರೆ ಸಾಕು ಅಕ್ಕಾ" ಅಂದ್ರು ಮೇಷ್ಟ್ರು. ಗುರುಗಳು ಬಂದ ದಿನವೇ ಮೊದಲ ಸಲ ಮೃದಂಗದವರನ್ನೂ ಕರೆಸಿದ್ರು.

ಅಲ್ಲೇ ಕೆಟ್ಟಿದ್ದು. ನಮ್ಮ ಹಟ್ಟೀಲಿ ಬಡಿಯೋ ವಾದ್ಯಕ್ಕೆ ಪೆಟ್ಟು ಬಿತ್ತು ಅಂದ್ರೆ ಎಲ್ರೂ ಎದ್ದು ಸುತ್ತು ಕಟ್ಟಿ ಕುಣೀಬೇಕು. ದೊಡ್ಡೋರು ಬಂದಿರೋವಾಗ ಕೂತೇ ಇದ್ರೆ ಅವರಿಗೆ ಅವಮರ್ಯಾದೆ. ಗುರುಗಳು ಒಬ್ರೇ ಕುರ್ಚೀಲಿ, ಮೃದಂಗ ಶುರುವಾಗಿದೆ, ನಾವು ನೋಡಿದ್ರೆ ಮುದ್ದೆಗಳ ಥರ ಗೋಣಿ ಮೇಲೆ! ಪಕ್ಕದಲ್ಲಿದ್ದ ಓರಗಿತ್ತೀನ ತಿವಿದೆ.

"ಏಳೇ, ಏನಂದ್ಕೊಂಡಾರು ಅವರು!"

ನಾನೆದ್ದೆ, ಅವಳೆದ್ಳು, ಗೋದಾಮೇ ಎದ್ದು ಸುತ್ತೋಕೆ ಶುರು.

"ಕೂತ್ಕೊಳ್ರಮ್ಮಾ! ಇದೇನು ಕಛೇರಿಯೋ ಮದುವೆ ಮೆರವಣಿಗೆಯೋ?" ಅಂತ ಗುರುಗಳು ಎದ್ದುಬಿಟ್ರು.

ನಮ್ಮ ಕಾಲು ತಡವರಿಸ್ತು. ಮೇಷ್ಟ್ರು ತಂತಿಯಿಂದ ಕಮಾನು ಎತ್ತಿದ್ರೆ ಕೂತುಬಿಡ್ತಿದ್ವಿ. ಎತ್ಲಿಲ್ಲ. ಗುರುಗಳ ಮುಖ ನೋಡಿದ್ರು, ನಮ್ಮ ಕಾಲು ನೋಡಿದ್ರು, ನುಡಿಸ್ತಿದ್ದಿದ್ದನ್ನ ಮೆಲ್ಲಗೆ ನಮ್ಮ ಹೆಜ್ಜೆಗೆ ಇಳಿಸಿಕೊಂಡ್ರು. ನೆಲ ಮುಟ್ಟಿದ ನೆನಪೇ ನನಗಿಲ್ಲ. ಮುಗಿದಾಗ ಕುರ್ಚಿ ಖಾಲಿ. ಇಳಿಜಾರಲ್ಲಿ ಜೀಪಿನ ಸದ್ದು.

ಎರಡು ದಿನ ಮುಖ ತೋರಿಸ್ಲಿಲ್ಲ ನಾನು. ಮೂರನೇ ದಿನ ಅವರೇ ಹೊಲಕ್ಕೆ ಬಂದ್ರು.

"ಬೈದುಬಿಡಿ ಮೇಷ್ಟ್ರೇ."

ತಲೆ ಬಗ್ಗಿಸಿ ನಿಂತ್ರು. "ನಿಮ್ಮಲ್ಲಿ ದೊಡ್ಡೋರು ಚಿಕ್ಕೋರಿಗೆ ಹೀಗಲ್ವಾ ಆಶೀರ್ವಾದ ಮಾಡೋದು? ಕೈ ಇಡಿ."

"ಅಯ್ಯೋ, ಕೈಯೆಲ್ಲ ಮಣ್ಣು!"

"ಹೇಗೂ ಕೂದಲು ಉದುರ್ತಿದೆ. ಏನಾದ್ರೂ ಚಿಗುರಿದ್ರೆ ಚಿಗುರ್ಲಿ."

ಇಟ್ಟೆ.

ಗುರುಗಳು ಮತ್ತೆ ಬರಲೇ ಇಲ್ಲ. ಮೇಷ್ಟ್ರು ಎಮರಾಲ್ಡು, ಮಾವನಲ್ಲ ಅಂತ ಸುತ್ತಲ ಊರೂರು ತಿರುಗಿ ಸಿಕ್ಕ ಸಿಕ್ಕ ಗೋದಾಮಲ್ಲಿ, ಮರದಡೀಲಿ ನುಡಿಸ್ಕೊಂಡೇ ಇದ್ರು. ಪ್ರತಿ ಸಲ ಹೊರಡೋ ಮುಂಚೆ ನಮ್ಮನೆ ಮುಂದೆ ತಲೆ ಬಗ್ಗಿಸಿ ನಿಲ್ಲೋರು. ನಾನೂ ಭಾರೀ ಗಂಭೀರವಾಗಿ ಕೈ ಇಡ್ತಿದ್ದೆ. ಅವರು ತೀರಿಕೊಳ್ಳೋ ಹಿಂದಿನ ವಾರಾನೂ ಇಟ್ಟಿದ್ದೆ.

ಅವರಿಗಿಂತ ನಾನು ಎರಡು ವರ್ಷ ಚಿಕ್ಕವಳು. ನನ್ನ ಕೂದಲು ಬೇಗ ನರೆತಿತ್ತು ಅಷ್ಟೆ. ಹೇಳಿದ್ರೆ ಈ ಕೈಯೂ ಅವರಿಗೆ ತಪ್ಪಿಹೋಗುತ್ತೆ ಅಂತ ಹೇಳಲೇ ಇಲ್ಲ.