ಡಾಕ್ಟ್ರಮ್ಮ ಸಭೆಗೆ ಹೋಗದ ಶುಕ್ರವಾರ

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಸವೆದಿರುತ್ತಿತ್ತು. ಔಷಧಿ ಕಂಪನಿಯವರು ಹಂಚಿದ ಪೆನ್ನು ವಿದ್ಯಾರ್ಥಿಗಳ ಕೈಯಲ್ಲಿ ಕಂಡರೆ ಸಾಕು, ಇಸಿದುಕೊಂಡು, ಮೇಲಿನ ಹೆಸರನ್ನು ಕೆರೆದು ತೆಗೆದೇ ವಾಪಸು ಕೊಡುತ್ತಿದ್ದರಂತೆ. "ಬರೆಯೋದು ಪೆನ್ನು, ಹೆಸರಲ್ಲ" ಎನ್ನುತ್ತಿದ್ದರು.

ತೊಂಬತ್ತರ ದಶಕದಲ್ಲಿ ಹಲಸೂರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಡಾಕ್ಟ್ರಮ್ಮ ಅವರು. ಒಂಟಿ ಜೀವ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಕಾಲೇಜಿನ ಆಸ್ಪತ್ರೆಗೆ ಯಾವ ಔಷಧಿ ತರಿಸಬೇಕೆಂದು ತೀರ್ಮಾನಿಸುವ ಸಮಿತಿಯಲ್ಲೂ ಇದ್ದರು. ಅವರ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು.

ಒಂದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಅವರು ಪರೀಕ್ಷೆ ನಡೆಸಲು ಮೈಸೂರಿಗೆ ಹೋಗಿದ್ದಾಗ, ಕಂಪನಿಯವನೊಬ್ಬ ಬಂದ. "ಮೇಡಂ ಇಲ್ವಾ? ಹಬ್ಬಕ್ಕೆ ಕೊಟ್ಟಿದೀವಿ ಅಂತ ಹೇಳ್ಬಿಡಿ ಅಮ್ಮ" ಎಂದು ಡಬ್ಬಿ ಕೊಟ್ಟು ಹೋದ. ತೆರೆದರೆ ಬೆಳ್ಳಿಯ ಲಕ್ಷ್ಮೀ ಮುಖ. ದೇವಿ ತಾನಾಗಿ ಬಂದಳೆಂದು ನನಗೆ ಸಂತೋಷ. ಶುಕ್ರವಾರ ಬೆಳಿಗ್ಗೆ ಮೇಲೆ ಹೋಗಿ ಕಲಶವಿಟ್ಟು, ಮುಖ ಕಟ್ಟಿ, ಸೀರೆ ಉಡಿಸಿ, ಪೂಜೆಯನ್ನೂ ಮುಗಿಸಿಬಿಟ್ಟೆ.

ಅವರು ಬಂದವರು ಬಾಗಿಲಲ್ಲೇ ನಿಂತರು.

"ಯಾರಮ್ಮ ತಂದಿದ್ದು ಇದು?"

ಹೇಳಿದೆ.

"ಸರಿಹೋಯ್ತು. ಲಕ್ಷ್ಮೀನೇ ಲಂಚ ಆಗಿ ಬಂದ್ಬಿಟ್ಳಲ್ಲ!" ಎಂದು ನಕ್ಕರು. ನಗು ಹೆಚ್ಚು ಹೊತ್ತು ಇರಲಿಲ್ಲ. ಅದೇ ಕಂಪನಿಯ ದುಬಾರಿ ಔಷಧಿಯ ವಿಷಯಕ್ಕೇ ಆ ಮಧ್ಯಾಹ್ನ ಸಮಿತಿ ಸೇರುವುದಿತ್ತು.

"ಅಯ್ಯೋ, ತೆಗೆದ್ಬಿಡ್ಲಾ ಡಾಕ್ಟ್ರೇ?" ಎಂದೆ. ಕೂರಿಸಿದ ದೇವಿಯನ್ನು ಮಾರನೆಯ ದಿನದವರೆಗೆ ಕದಲಿಸುವಂತಿಲ್ಲ. ಬಾಯಿ ಹಾಗೆಂದರೂ ಕೈ ಮುಂದೆ ಹೋಗಲಿಲ್ಲ. ಅವರು ಅದನ್ನು ಗಮನಿಸಿದರು.

"ಬೇಡ ಬಿಡಿ, ನಂಬಿ ಕೂರ್ಸಿದೀರ. ನಾನೇ ಮೀಟಿಂಗಿಗೆ ಹೋಗಲ್ಲ."

"ನೀವು ಆ ಔಷಧಿ ಬೇಡ ಅಂತಾನೇ ತಾನೆ ಹೇಳ್ಬೇಕು ಅಂತಿದ್ದಿದ್ದು?"

"ಹೌದು. ಹಳೇ ಮಾತ್ರೆನೇ ಸಾಕು, ಬಡವರಿಗೆ ಎಟುಕುತ್ತೆ. ಆದ್ರೂ ಅವರ ಬೆಳ್ಳಿ ಮನೇಲಿಟ್ಕೊಂಡು ಆ ಮೇಜಿನ ಮುಂದೆ ಕೂರೋಕಾಗಲ್ಲಮ್ಮ. ಬೇಕು ಅಂದ್ರೂ ತಪ್ಪು, ಬೇಡ ಅಂದ್ರೂ ತಪ್ಪು."

ಅವರಿಲ್ಲದ ಸಭೆಯಲ್ಲಿ ಆ ಔಷಧಿಗೆ ಒಪ್ಪಿಗೆ ಸಿಕ್ಕಿತು. ಶನಿವಾರ ಕಲಶ ಕದಲಿಸಿದ ಮೇಲೆ ಮುಖದ ಕುಂಕುಮ ಒರೆಸಿ, ಒಂದು ಕಾಗದ ಬರೆದು, ಎರಡನ್ನೂ ಪ್ರಿನ್ಸಿಪಾಲರಿಗೆ ಒಪ್ಪಿಸಿದರು. ಆ ಔಷಧಿಯನ್ನು ಪಟ್ಟಿಯಿಂದ ತೆಗೆಸಲು ಅವರಿಗೆ ಎರಡು ವರ್ಷ ಹಿಡಿಯಿತು. ತೆಗೆಸಿದರು, ಅದೊಂದು ದೇವರ ದಯೆ. ನನ್ನ ಮೇಲೆ ಒಂದು ದಿನವೂ ಮುಖ ಗಂಟು ಹಾಕಿಕೊಳ್ಳಲಿಲ್ಲ, ಅದಿನ್ನೊಂದು.

ಅವರು ತೀರಿಕೊಂಡ ಮೇಲೆ ಸಾಮಾನು ಕಟ್ಟುವಾಗ ಆ ಕಾಗದದ ನಕಲು ಸಿಕ್ಕಿತು. ಇಂಗ್ಲಿಷಿನಲ್ಲಿತ್ತು, ನಮ್ಮ ಯಜಮಾನರು ಓದಿ ಹೇಳಿದರು. ಉಡುಗೊರೆ ಇಸಿದುಕೊಂಡವರು ಯಾರು ಎಂಬ ಕಡೆ ನನ್ನ ಹೆಸರಿರಲಿಲ್ಲ, ಮನೆ ಮಾಲೀಕರು ಎಂದೂ ಇರಲಿಲ್ಲ. "ನನ್ನ ಕುಟುಂಬದವರೊಬ್ಬರು ತಿಳಿಯದೆ ತೆಗೆದುಕೊಂಡರು. ಹೊಣೆ ನನ್ನದು" ಎಂದಿತ್ತು.